ಬೇಕಾದದ್ದೂ ಬಿಡಲಾಗದ್ದೂ

ಒಂದು ವಸ್ತುವಿಲ್ಲದೆ ಕೆಲಸ ನಡೆಯದು ಎಂದಮಾತ್ರಕ್ಕೆ ಅದು ಒಳ್ಳೆಯದೆಂದು ಹೇಳಬಹುದೆ? ಈ ಪ್ರಶ್ನೆ ನನ್ನನ್ನು ಹಿಡಿದದ್ದು ತತ್ತ್ವಶಾಸ್ತ್ರದ ಗ್ರಂಥದಿಂದಲ್ಲ. ಜೀವಶಾಸ್ತ್ರ ಕಲಿಸುವ ಮಿತ್ರರೊಬ್ಬರು ಕಾಫಿ ಕುಡಿಯುತ್ತ ಹೇಳಿದ ಒಂದು ಅಣುಜೀವಿಯ ಕಥೆಯಿಂದ. ಕನ್ನಡದ ಮೇಷ್ಟರಿಗೆ ವಿಜ್ಞಾನ ಅಷ್ಟಕ್ಕಷ್ಟೆ. ಆದರೆ ಕಥೆ ಪಾಠದೋಷವನ್ನೂ ಪಾಠಪರಿಷ್ಕರಣವನ್ನೂ ಕುರಿತದ್ದಾದ್ದರಿಂದ ನನ್ನ ಕಿವಿ ನೆಟ್ಟಗಾಯಿತು.

ನಮ್ಮ ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಕಣಗಳಿವೆ. ಉಂಡ ಅನ್ನದಿಂದ ಶಕ್ತಿಯನ್ನು ತೆಗೆದುಕೊಡುವ ಒಲೆಗಳು ಅವು. ನೂರು ಕೋಟಿ ವರ್ಷಗಳಿಗೂ ಹಿಂದೆ ಸ್ವತಂತ್ರವಾಗಿದ್ದ ಒಂದು ಬ್ಯಾಕ್ಟೀರಿಯ ಇನ್ನೊಂದು ಕೋಶವನ್ನು ಹೊಕ್ಕು, ಅತಿಥಿಯಾಗಿ ಬಂದದ್ದು ಮನೆಯದೇ ಆಗಿಹೋಯಿತು. ಮುಂದೆ ಲಿನ್ ಮಾರ್ಗುಲಿಸ್ ಎಂದು ಹೆಸರಾದ ವಿದುಷಿ 1967ರಲ್ಲಿ ಈ ವಾದವನ್ನು ಮತ್ತೆ ಎತ್ತಿದಾಗ ಒಪ್ಪಿದವರು ಕಡಮೆ. ಇಂದು ಒಪ್ಪದವರು ಕಡಮೆ. ಅತಿಥಿ ತಂದ ಗಂಟಿನಲ್ಲಿ, ಎಂದರೆ ಅದರ ಡಿ. ಎನ್. ಎ.ಯಲ್ಲಿ, ಬಹುಭಾಗ ಕಳೆದುಹೋಗಿದೆ ಅಥವಾ ಯಜಮಾನನ ಪೆಟ್ಟಿಗೆಯನ್ನು ಸೇರಿದೆ. ಮನುಷ್ಯನಲ್ಲಿ ಉಳಿದಿರುವುದು 16,569 ಅಕ್ಷರ, 37 ಜೀನು. ಪ್ರಾಣಿಗಳಲ್ಲೆಲ್ಲ ಹೆಚ್ಚುಕಡಮೆ ಇದೇ ಲೆಕ್ಕ.

ಏಕಕೋಶಜೀವಿಗಳ ಕಡೆ ತಿರುಗಿದರೋ, ಒಂದರಂತೆ ಒಂದಿಲ್ಲ. ರೆಕ್ಲಿನೊಮೊನಾಸ್ ಎಂಬುದು ಹಳೆಯ ಗಂಟನ್ನು ಜತನದಿಂದ ಕಾಪಾಡಿಕೊಂಡಿದೆ. 1997ರಲ್ಲಿ ಬಿಚ್ಚಿ ನೋಡಿದವರಿಗೆ 97 ಜೀನುಗಳು ಸಿಕ್ಕವು. ಮಲೇರಿಯದ ಜೀವಿಯಲ್ಲಿ ಸುಮಾರು 6,000 ಅಕ್ಷರ. ಪ್ರೋಟೀನು ಕಟ್ಟುವ ಜೀನು ಮೂರೇ ಮೂರು. ಮಾನೊಸರ್ಕೊಮೊನಾಯ್ಡಿಸ್ ಎಂಬುದರಲ್ಲಿ ಒಲೆಯೇ ಇಲ್ಲವೆಂದು 2016ರಲ್ಲಿ ತಿಳಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇವಾವುವೂ ಅಲ್ಲ, ಆಫ್ರಿಕದ ನಿದ್ರಾರೋಗಕ್ಕೆ ಕಾರಣವಾದ ಟ್ರಿಪನೊಸೋಮ. ಇದರ ಮೈಟೊಕಾಂಡ್ರಿಯದಲ್ಲಿ ಮೂಲಗ್ರಂಥವೇ ಅಶುದ್ಧ. ಅಲ್ಲಿಂದ ಇಳಿಸಿದ ಪ್ರತಿಯಲ್ಲಿ ‘ಯು’ ಎಂಬ ಅಕ್ಷರ ಇರಬೇಕಾದಲ್ಲಿ ಇರುವುದಿಲ್ಲ, ಇರಬಾರದ ಕಡೆ ಇರುತ್ತದೆ. ಸಾವಿರಾರು ಪುಟ್ಟ ಉಂಗುರಗಳಲ್ಲಿ ತಿದ್ದುಪಡಿಯ ಚೀಟಿಗಳಿವೆ. ಅವನ್ನು ನೋಡಿ ನೋಡಿ, ಪ್ರತಿ ಸಲವೂ ಅಕ್ಷರ ಸೇರಿಸಿ, ಅಳಿಸಿ, ಶುದ್ಧಪ್ರತಿ ಸಿದ್ಧವಾಗಬೇಕು. ಒಂದು ಜೀನಿನ ಶುದ್ಧಪ್ರತಿಯಲ್ಲಂತೂ ಅರ್ಧಕ್ಕೂ ಹೆಚ್ಚು ಅಕ್ಷರಗಳು ಹೀಗೆ ಸೇರಿಸಿದವೇ! ಮೂಲ ಮಾತ್ರ ಎಂದಿನಂತೆ ಅಶುದ್ಧವಾಗಿಯೇ ಇರುತ್ತದೆ. ಗೆದ್ದಲು ತಿಂದ ಓಲೆಗರಿಯೊಂದಿಗೆ ಗುದ್ದಾಡಿದವರಿಗೆ ಈ ಕಷ್ಟ ಗೊತ್ತು. ನಾವಾದರೋ ಒಮ್ಮೆ ತಿದ್ದಿ ಅಚ್ಚು ಹಾಕಿಸಿ ಕೈ ತೊಳೆದುಕೊಳ್ಳುತ್ತೇವೆ.

ಇಷ್ಟೆಲ್ಲ ಏರ್ಪಾಡು ಇರಬೇಕಾದರೆ ಏನೋ ಪ್ರಯೋಜನ ಇರಲೇಬೇಕು ಎಂದೆ ನಾನು. ಮಿತ್ರರು ನಕ್ಕು, ಕೊವೆಲ್ಲೊ ಮತ್ತು ಗ್ರೇ ಎಂಬವರು 1993ರಲ್ಲಿ ಮುಂದಿಟ್ಟ ವಿಚಾರವನ್ನು ವಿವರಿಸಿದರು. ತಿದ್ದುವ ಕೈ ಮೊದಲು ಆಕಸ್ಮಿಕವಾಗಿ ಒದಗಿತು. ಆಗ ತಿದ್ದಬೇಕಾದ ತಪ್ಪೇ ಇರಲಿಲ್ಲ. ಆಮೇಲೆ ಒಂದು ತಪ್ಪು ನುಸುಳಿತು. ತಿದ್ದುವವನಿದ್ದುದರಿಂದ ಜೀವಿ ಸಾಯಲಿಲ್ಲ, ತಪ್ಪು ಉಳಿಯಿತು. ಇನ್ನೊಂದು ಬಂತು, ಮತ್ತೊಂದು ಬಂತು. ಕೊನೆಗೆ ತಿದ್ದುವವನನ್ನು ಬಿಟ್ಟರೆ ಬದುಕೇ ಇಲ್ಲವೆಂದಾಯಿತು. ಯಾವ ಹಂತದಲ್ಲೂ ಯಾರಿಗೂ ಲಾಭವಾಗಲಿಲ್ಲ. ಆದರೂ ವ್ಯವಸ್ಥೆ ಅನಿವಾರ್ಯವಾಯಿತು. ಬೇರೆ ಅಭಿಪ್ರಾಯದವರೂ ಉಂಟು. ನನಗೆ ಮಾತ್ರ ಈ ಮಾತು ನಾಟಿತು.

ಏಕೆಂದರೆ ನಾನು ನೋಟ್ಸು ಕೊಡುವ ಮೇಷ್ಟರು. ಮೊದಲು ಹಳಗನ್ನಡ ಕಷ್ಟವೆಂದ ನಾಲ್ಕು ಹುಡುಗರಿಗೆ ಒಂದು ಪುಟ ಬರೆಸಿದೆ. ಮರುವರ್ಷ ತರಗತಿಗೆಲ್ಲ ಬರೆಸಿದೆ. ಆಮೇಲೆ ಪಠ್ಯವನ್ನು ಕೊಳ್ಳುವವರೇ ಇಲ್ಲವಾದರು. ನೋಟ್ಸು ಇಲ್ಲದೆ ತೇರ್ಗಡೆಯಾಗುವುದು ಅಸಾಧ್ಯವಾದಾಗ, ನನ್ನ ನೋಟ್ಸು ಎಷ್ಟು ಉಪಯುಕ್ತವೆಂದು ಜನ ಹೊಗಳಿದರು, ನಾನೂ ನಂಬಿದೆ. ಕಚೇರಿಯ ಬಾಗಿಲಲ್ಲಿ ಅರ್ಜಿ ಬರೆದುಕೊಡುವ ಮಧ್ಯವರ್ತಿಯನ್ನು ಉಪಕಾರಿಯೆಂದು ನಾವು ನಂಬುವುದೂ ಹೀಗೆಯೇ. ಅವನಿಲ್ಲದೆ ಕೆಲಸವಾಗದು ಎಂಬುದು ನಿಜ. ಆ ಅರ್ಜಿ ಅಷ್ಟು ತೊಡಕಾದದ್ದು ಹೇಗೆ ಎಂದು ಕೇಳುವುದಿಲ್ಲ.

ಹಾಗಾದರೆ ಕಿತ್ತೊಗೆಯೋಣವೆ? ಅದನ್ನೂ ಮಾಡಿ ನೋಡಿದೆ. ಒಂದು ವರ್ಷ ಇದ್ದಕ್ಕಿದ್ದಂತೆ ನೋಟ್ಸು ನಿಲ್ಲಿಸಿದೆ. ಜಾಣರು ಹೇಗೋ ಪಾರಾದರು. ಹಳ್ಳಿಯಿಂದ ಬಂದ ಇಬ್ಬರು ಹುಡುಗಿಯರು ನನ್ನ ವಿಷಯವೊಂದರಲ್ಲೇ ನಪಾಸಾದರು. ಒಬ್ಬಳ ಓದು ಅಲ್ಲಿಗೇ ನಿಂತಿತು. ಟ್ರಿಪನೊಸೋಮದಲ್ಲಿಯೂ ತಿದ್ದುವ ಯಂತ್ರವನ್ನು ಕೆಡಿಸಿದರೆ ಜೀವಿ ಸಾಯುತ್ತದೆಯಂತೆ. ತಪ್ಪಿನಿಂದ ಹುಟ್ಟಿದ ಆಸರೆಯಾದರೂ ಆಸರೆಯೇ. ಅದಕ್ಕೆ ಒರಗಿದವರು ಆ ತಪ್ಪನ್ನು ಮಾಡಿದವರಲ್ಲ. ಸುಧಾರಣೆಯ ಉತ್ಸಾಹದಲ್ಲಿ ನಾನು ಇದನ್ನು ಮರೆತಿದ್ದೆ. ಈಗ ತರಗತಿಯಲ್ಲಿ ಮೊದಲು ಪದ್ಯ ಓದಿಸುತ್ತೇನೆ, ಆಮೇಲೆ ಮೊಟಕಾದ ನೋಟ್ಸು ಕೊಡುತ್ತೇನೆ. ವರ್ಷಕ್ಕೆ ಅರ್ಧ ಪುಟದಂತೆ ಕಡಮೆಯಾಗುತ್ತಿದೆ. ಹುಡುಗರು ಗೊಣಗುತ್ತಾರೆ.

ಮಿತ್ರರು ಮತ್ತೊಂದು ಸಂಗತಿ ಹೇಳಿದರು. ಕುದುರೆ, ಒಂಟೆ, ದನಗಳಿಗೆ ಸರ್ರಾ ರೋಗ ತರುವ ಟ್ರಿಪನೊಸೋಮವೊಂದಿದೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಅಂದಿನ ಪಂಜಾಬಿನಲ್ಲಿ ಕಂಡುಹಿಡಿದದ್ದು. ಅದರಲ್ಲಿ ಮೂಲಗ್ರಂಥದ ಉಂಗುರಗಳು ಕಳೆದುಹೋಗಿವೆ. ಎಷ್ಟೋ ತಳಿಗಳಲ್ಲಿ ತಿದ್ದುಪಡಿಯ ಚೀಟಿಗಳು ಮಾತ್ರ ಇನ್ನೂ ಪ್ರತಿಯಾಗುತ್ತಲೇ ಇವೆ. ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕಾಲಿಗೆರಗಿ, “ನಿಮ್ಮ ನೋಟ್ಸನ್ನು ಇನ್ನೂ ಇಟ್ಟುಕೊಂಡಿದ್ದೇನೆ ಸಾರ್, ಈಗ ತಮ್ಮನೂ ಬರೆದುಕೊಂಡಿದ್ದಾನೆ” ಎಂದ. ಯಾವ ಕಾವ್ಯದ್ದಪ್ಪಾ ಎಂದು ಕೇಳಿದೆ. ಅವನಿಗೆ ನೆನಪಿರಲಿಲ್ಲ.