ದಯೆಯೂ ಪ್ರಮಾಣವೂ

ನರಳುತ್ತಿರುವ ರೋಗಿಯ ಮಗ್ಗುಲಲ್ಲಿ ಏನನ್ನೂ ಮಾಡದೆ ಕುಳಿತಿರುವುದು ವೈದ್ಯನಿಗೆ ಬಹು ಕಠಿನವಾದ ಕೆಲಸ. ಮನೆಯವರ ಕಣ್ಣುಗಳೆಲ್ಲ ಅವನ ಮೇಲೆಯೇ ನೆಟ್ಟಿರುತ್ತವೆ. "ಏನಾದರೂ ಮಾಡಿ, ಡಾಕ್ಟರೇ" ಎಂಬ ಮಾತು ಯಾರ ಬಾಯಿಂದ ಹೊರಡದಿದ್ದರೂ ಅವನ ಕಿವಿಗೆ ಕೇಳಿಸುತ್ತಲೇ ಇರುತ್ತದೆ. ಆಗ ಅವನ ಕೈ ತಾನಾಗಿಯೇ ಔಷಧದ ಪೆಟ್ಟಿಗೆಯ ಕಡೆಗೆ ಹೋಗುತ್ತದೆ. ಹಾಗೆ ಹೋದ ಕೈಯನ್ನು ಲೋಕವು ದಯೆಯ ಕೈಯೆಂದು ಕೊಂಡಾಡುತ್ತದೆ. ತಡೆದು ನಿಂತ ಕೈಯನ್ನು ಕಲ್ಲೆದೆಯವನದೆಂದು ಹಳಿಯುತ್ತದೆ. ಆದರೆ ಕೊಟ್ಟ ಮದ್ದು ಹಿತವನ್ನು ಮಾಡಿತೋ ಅಹಿತವನ್ನು ಮಾಡಿತೋ ಎಂಬುದನ್ನು ಆ ವೈದ್ಯನು ನಿಶ್ಚಯವಾಗಿ ಬಲ್ಲನೆ? ಬಲ್ಲನೆಂದು ಅವನು ನಂಬಿರುತ್ತಾನೆ, ಅಷ್ಟೆ. ನಂಬಿಕೆಯಿಂದ ಕೊಟ್ಟುದು ಕೇಡನ್ನು ಮಾಡಿದರೆ ಅದನ್ನು ದಯೆಯ ಲೆಕ್ಕಕ್ಕೆ ಹಿಡಿಯಬೇಕೋ ಅಜ್ಞಾನದ ಲೆಕ್ಕಕ್ಕೆ ಹಿಡಿಯಬೇಕೋ ಎಂಬುದು ಕೇವಲ ವೈದ್ಯರಿಗೆ ಬಿಡತಕ್ಕ ಪ್ರಶ್ನೆಯಲ್ಲ. ರೋಗಿಗಳಾಗದವರು ಯಾರೂ ಇಲ್ಲವಷ್ಟೆ.

ಚರಕಸಂಹಿತೆಯು ಪರೀಕ್ಷೆಗೆ ನಾಲ್ಕು ಸಾಧನಗಳನ್ನು ಹೇಳುತ್ತದೆ: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಮತ್ತು ಯುಕ್ತಿ. ಇವುಗಳಲ್ಲಿ ಪ್ರತ್ಯಕ್ಷವೇ ಬಲವಾದುದೆಂದು ಸಾಮಾನ್ಯರಿಗೆ ತೋರುವುದು ಸಹಜ. ಆದರೆ ಚಿಕಿತ್ಸೆಯ ವಿಷಯದಲ್ಲಿ ಪ್ರತ್ಯಕ್ಷದಷ್ಟು ಮೋಸಮಾಡುವ ಸಾಕ್ಷಿ ಬೇರೊಂದಿಲ್ಲ. ಮದ್ದು ಕುಡಿದವನು ಎದ್ದು ಓಡಾಡಿದುದು ಕಣ್ಣಿಗೆ ಕಾಣುತ್ತದೆ. ಕುಡಿಯದಿದ್ದರೂ ಅವನು ಎದ್ದು ಓಡಾಡುತ್ತಿದ್ದನೇ ಎಂಬುದು ಕಾಣುವುದಿಲ್ಲ. ಸತ್ತವನ ವಿಷಯದಲ್ಲಂತೂ "ಆಯುಸ್ಸು ಮುಗಿದಿತ್ತು" ಎಂಬ ಒಂದು ಮಾತು ಎಲ್ಲರ ಬಾಯನ್ನೂ ಮುಚ್ಚಿಸಿಬಿಡುತ್ತದೆ.

ಈ ಮೋಸವನ್ನು ಕಳೆಯುವುದಕ್ಕಾಗಿ ಕಳೆದ ಶತಮಾನದ ವೈದ್ಯಶಾಸ್ತ್ರವು ಒಂದು ಉಪಾಯವನ್ನು ಕಂಡುಕೊಂಡಿತು. ಅದು ಚೀಟಿಯ ಉಪಾಯ. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ಮಾಡಿ, ಒಂದಕ್ಕೆ ಹೊಸ ಮದ್ದನ್ನು ಕೊಟ್ಟು, ಮತ್ತೊಂದಕ್ಕೆ ಕೊಡದೆ, ಇಬ್ಬರ ಗತಿಯನ್ನೂ ಎಣಿಸಿ ನೋಡುವುದು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಕ್ಷಯರೋಗಕ್ಕೆ ಸ್ಟ್ರೆಪ್ಟೋಮೈಸಿನ್ ಎಂಬ ಮದ್ದನ್ನು ಹೀಗೆ ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿತು. ಮದ್ದು ಪಡೆದ 55 ಜನರಲ್ಲಿ ಆರು ತಿಂಗಳೊಳಗೆ 4 ಜನರು ಸತ್ತರು. ಬರಿಯ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಜನರು ಸತ್ತರು. ಆಗ ಆ ದೇಶದಲ್ಲಿ ಮದ್ದು ದೊರೆಯುತ್ತಿದ್ದುದೇ ಸ್ವಲ್ಪ. ಎಲ್ಲರಿಗೂ ಕೊಡಲಾರದುದನ್ನು ಚೀಟಿಯಿಂದ ಹಂಚಿದರೆ ಅನ್ಯಾಯವೆಂದು ಹೇಳುವುದು ಕಷ್ಟ. ಮದ್ದು ಎಲ್ಲರಿಗೂ ಸಾಲುವಷ್ಟು ಇದ್ದು, ಆದರೂ ಅರ್ಧ ಜನರಿಗೆ ಕೊಡದೆ ನೋಡುವುದಾದರೆ ಮಾತು ಬೇರೆ. ನಿಜವಾದ ಧರ್ಮಸಂಕಟ ಅಲ್ಲಿಂದ ಮೊದಲಾಗುತ್ತದೆ.

ಈ ಸಂಕಟವನ್ನು ಅರಿಯುವುದಕ್ಕೆ ತಿಂಗಳು ತುಂಬದೆ ಹುಟ್ಟುವ ಕೂಸಿನ ವೃತ್ತಾಂತಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಅಂಥ ಕೂಸಿನ ಶ್ವಾಸಕೋಶ ಬಲಿತಿರುವುದಿಲ್ಲ. ಹುಟ್ಟಿದ ಗಳಿಗೆಯಿಂದ ಒಂದೊಂದು ಉಸಿರಿಗೂ ಅದು ಹೋರಾಡುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಗ್ರಹಾಮ್ ಲಿಗ್ಗಿನ್ಸ್ ಎಂಬ ವೈದ್ಯರು ಕುರಿಗಳಲ್ಲಿ ಹೆರಿಗೆಯ ಕಾರಣವನ್ನು ಶೋಧಿಸುತ್ತಿದ್ದಾಗ, ಸ್ಟೆರಾಯ್ಡ್ ವರ್ಗದ ಮದ್ದನ್ನು ಪಡೆದು ಅಕಾಲದಲ್ಲಿ ಹುಟ್ಟಿದ ಮರಿಯೊಂದು ಬದುಕಬಾರದಷ್ಟು ಎಳೆಯದಾಗಿದ್ದರೂ ಉಸಿರಾಡುತ್ತಿದ್ದುದನ್ನು ಕಂಡರು. ಅವರೂ ಶಿಶುವೈದ್ಯರಾದ ರಾಸ್ ಹೌವಿ ಎಂಬವರೂ ಕೂಡಿ 282 ತಾಯಂದಿರಲ್ಲಿ ನಡೆಸಿದ ಪರೀಕ್ಷೆಯ ಫಲವು 1972ರಲ್ಲಿ ಪ್ರಕಟವಾಯಿತು. ಹೆರಿಗೆಗೆ ಮುಂಚೆ ತಾಯಿಗೆ ಬೆಟಾಮೆಥಸೋನ್ ಚುಚ್ಚಿದಲ್ಲಿ ಮೊದಲ ದಿನಗಳಲ್ಲಿ ತೀರಿಕೊಂಡ ಶಿಶುಗಳು ನೂರಕ್ಕೆ 3.2, ಚುಚ್ಚದಲ್ಲಿ ನೂರಕ್ಕೆ 15. ಇಷ್ಟು ಸ್ಪಷ್ಟವಾದ ಫಲವನ್ನು ಲೋಕದ ವೈದ್ಯರು ತಕ್ಷಣವೇ ಕೈಗೊಂಡಿರಬೇಕೆಂದು ಯಾರಾದರೂ ಎಣಿಸಿಯಾರು. ಹಾಗಾಗಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕೂಡಿಸಿದ ತಜ್ಞರ ಸಭೆಯು ಇದನ್ನು ಬಳಕೆಗೆ ತರಬೇಕೆಂದು ಹೇಳಿದುದು 1994ರಲ್ಲಿ, ಇಪ್ಪತ್ತೆರಡು ವರ್ಷಗಳ ಮೇಲೆ. ಆ ನಡುವೆ ಬೇರೆ ಬೇರೆ ಊರುಗಳಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ಮತ್ತೆ ಮತ್ತೆ ಅದೇ ಉತ್ತರವನ್ನು ಪಡೆದರು. ಪ್ರಮಾಣವನ್ನು ಕೇಳುವುದು ಒಂದು ಗುಣವಾದರೆ, ಪ್ರಮಾಣ ಕೈಯಲ್ಲಿದ್ದರೂ ಅದನ್ನು ಒಟ್ಟುಗೂಡಿಸಿ ಓದದಿರುವುದು ಕೇವಲ ಸೋಮಾರಿತನ. ಎಷ್ಟು ಕೂಸುಗಳ ಉಸಿರು ಆ ಸೋಮಾರಿತನಕ್ಕೆ ಸಂದಿತೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡುವುದಕ್ಕೆಂದೇ 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಘವು ಇದೇ ಮದ್ದಿನ ಪರೀಕ್ಷೆಗಳ ಚಿತ್ರವನ್ನು ತನ್ನ ಲಾಂಛನವಾಗಿ ಇರಿಸಿಕೊಂಡಿತು.

ಇಷ್ಟಕ್ಕೆ ಕಥೆ ಮುಗಿದಿದ್ದರೆ ನೀತಿಯೂ ಸುಲಭವಾಗಿರುತ್ತಿತ್ತು. ಮದ್ದು ಅಗ್ಗವಾದುದು, ಡೆಕ್ಸಾಮೆಥಸೋನ್ ಎಂಬ ಅದರ ಇನ್ನೊಂದು ರೂಪವಂತೂ ಎಲ್ಲೆಡೆಯೂ ಸಿಕ್ಕುವಂಥದು. ದೊಡ್ಡ ಆಸ್ಪತ್ರೆಗಳಲ್ಲಿ ಜೀವ ಉಳಿಸಿದುದು ಹಳ್ಳಿಗಳಲ್ಲಿಯೂ ಉಳಿಸಲೇಬೇಕು. ಬಡ ದೇಶಗಳ ತಾಯಂದಿರಿಗೆ ಇದನ್ನು ಒದಗಿಸದಿರುವುದೇ ಅನ್ಯಾಯ. ಹೀಗೆಂದು ದಯಾಳುಗಳಾದವರು ವಾದಿಸಿದರು. ವಾದದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಆದರೂ ಕೆಲವರು ಪರೀಕ್ಷಿಸಿ ನೋಡಬೇಕೆಂದು ಹಟಹಿಡಿದರು. 2011ರಿಂದ 2014ರ ವರೆಗೆ ಅರ್ಜೆಂಟೀನ, ಗ್ವಾಟೆಮಾಲ, ಜಾಂಬಿಯ, ಕೀನ್ಯ, ಪಾಕಿಸ್ತಾನ ಮತ್ತು ಭಾರತ, ಈ ಆರು ದೇಶಗಳಲ್ಲಿ ಆ ಪರೀಕ್ಷೆ ನಡೆಯಿತು. ಭಾರತದಲ್ಲಿ ಅದಕ್ಕೆ ಒದಗಿದ ಎಡೆಗಳು ನಾಗಪುರ ಮತ್ತು ಬೆಳಗಾವಿ. ಇಲ್ಲಿ ಚೀಟಿ ಎತ್ತಿದುದು ಒಬ್ಬೊಬ್ಬ ತಾಯಿಗಲ್ಲ, ಊರುಗಳ ಗುಂಪುಗಳಿಗೆ. ಅರ್ಧದಷ್ಟು ಗುಂಪುಗಳಲ್ಲಿ ಆರೋಗ್ಯ ಸಹಾಯಕಿಯರಿಗೆ ಶಿಕ್ಷಣವನ್ನೂ ಮದ್ದನ್ನೂ ಕೊಟ್ಟರು. ಬಸುರಿನ ದಿನಗಳು ತಿಳಿಯದಲ್ಲಿ ಹೊಟ್ಟೆಯ ಎತ್ತರವನ್ನು ಅಳೆದು ಅಂದಾಜು ಮಾಡುವುದಕ್ಕೆ ಬಣ್ಣಬಣ್ಣದ ಗುರುತುಳ್ಳ ಒಂದು ಟೇಪನ್ನೂ ಕೊಟ್ಟರು. ಉಳಿದ ಗುಂಪುಗಳಲ್ಲಿ ಹಿಂದಿನಂತೆಯೇ ನಡೆಯಿತು.

ಕಾರ್ಯಕ್ರಮವು ತಾನು ಮಾಡಹೊರಟುದನ್ನು ಮಾಡಿತು. ಬಹಳ ಚಿಕ್ಕ ಶಿಶುಗಳನ್ನು ಹೆತ್ತ ತಾಯಂದಿರಲ್ಲಿ, ಮದ್ದಿನ ಊರುಗಳಲ್ಲಿ ನೂರಕ್ಕೆ 45 ಜನರಿಗೆ ಅದು ದೊರೆಯಿತು; ಉಳಿದ ಊರುಗಳಲ್ಲಿ ನೂರಕ್ಕೆ 10 ಜನರಿಗೆ. ಆದರೆ ಆ ಚಿಕ್ಕ ಶಿಶುಗಳ ಸಾವು ಕಡಿಮೆಯಾಗಲಿಲ್ಲ. ಎಲ್ಲ ಶಿಶುಗಳನ್ನೂ ಸೇರಿಸಿ ಎಣಿಸಿದಾಗ, ಸುಮಾರು 98,000 ಹೆರಿಗೆಗಳಲ್ಲಿ, ಮದ್ದು ಹೋದ ಊರುಗಳಲ್ಲಿ ಸಾವಿರಕ್ಕೆ 27.4 ಕೂಸುಗಳು ಒಂದು ತಿಂಗಳೊಳಗೆ ತೀರಿಕೊಂಡಿದ್ದುವು. ಹೋಗದ ಊರುಗಳಲ್ಲಿ ಸಾವಿರಕ್ಕೆ 23.9. ತಾಯಂದಿರಲ್ಲಿ ನಂಜಿನ ಸಂಶಯವೂ ಮದ್ದಿನ ಊರುಗಳಲ್ಲಿಯೇ ಹೆಚ್ಚಾಗಿ ಕಂಡಿತು.

ಈ ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ಇಲ್ಲಿ ಲೋಭಿಯಾದ ವ್ಯಾಪಾರಿಯಿಲ್ಲ, ಅಲಕ್ಷ್ಯದ ವೈದ್ಯನಿಲ್ಲ, ಹುಸಿ ಮದ್ದಿಲ್ಲ. ಮದ್ದು ನಿಜವಾದುದು, ಕೈ ದಯೆಯ ಕೈ, ಉದ್ದೇಶ ಶುದ್ಧ. ಕೆಟ್ಟುದು ಎಲ್ಲಿ? ಮದ್ದು ಪಡೆದವರಲ್ಲಿ ಬಹುಮಂದಿ ಅಂಥ ಚಿಕ್ಕ ಶಿಶುಗಳನ್ನು ಹೆರುವವರೇ ಆಗಿರಲಿಲ್ಲ. ಅವರ ಮಕ್ಕಳಿಗೆ ಅದರಿಂದ ಲಾಭವಿಲ್ಲ, ಅಪಾಯ ಮಾತ್ರ ಉಂಟು. ಸ್ಟೆರಾಯ್ಡು ನಂಜಿನೊಡನೆ ಹೋರಾಡುವ ದೇಹದ ಶಕ್ತಿಯನ್ನು ಕುಂದಿಸುತ್ತದೆ. ಆಕ್ಲೆಂಡಿನಲ್ಲಿ ಕೂಸು ಹುಟ್ಟಿದೊಡನೆ ಎತ್ತಿಕೊಳ್ಳುವುದಕ್ಕೆ ಶಿಶುವೈದ್ಯರು ಸಿದ್ಧರಾಗಿದ್ದರು. ಹಳ್ಳಿಯ ಉಪಕೇಂದ್ರದಲ್ಲಿ ಯಾರಿದ್ದಾರೆ? ಮದ್ದು ಅಲ್ಲಿಂದ ಇಲ್ಲಿಗೆ ಬಂದಿತು. ಮದ್ದಿನ ಸುತ್ತ ಇದ್ದುದು ಬರಲಿಲ್ಲ. ಪ್ರಮಾಣವೆಂಬ ಶಬ್ದಕ್ಕೆ ಸಾಕ್ಷಿಯೆಂದೂ ಅಳತೆಯೆಂದೂ ಕನ್ನಡದಲ್ಲಿ ಎರಡು ಅರ್ಥಗಳಿರುವುದು ಇಲ್ಲಿ ನೆನಪಿಗೆ ಬರುತ್ತದೆ. ಸಾಕ್ಷಿಯೇನೋ ಇದ್ದಿತು; ಅದು ಯಾವ ನೆಲಕ್ಕೆ ಎಷ್ಟರ ಮಟ್ಟಿಗೆ ಸಲ್ಲುವುದೆಂಬ ಅಳತೆ ಇರಲಿಲ್ಲ. 2014ರ ಜೂನಿನಲ್ಲಿ ಭಾರತ ಸರ್ಕಾರವು ಪ್ರಕಟಿಸಿದ ಮಾರ್ಗಸೂಚಿಯು, ಅಕಾಲದಲ್ಲಿ ನೋವು ಬಂದ ತಾಯಿಗೆ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಆರೋಗ್ಯ ಸಹಾಯಕಿಯೇ ಮೊದಲ ಸೂಜಿಯನ್ನು ಕೊಡಬಹುದೆಂದು ವಿಧಿಸಿತ್ತು. ಆರು ದೇಶಗಳ ಪರೀಕ್ಷೆಯ ಫಲ ಹೊರಬಿದ್ದುದು ಅದೇ ವರ್ಷದ ಅಕ್ಟೋಬರಿನಲ್ಲಿ.

ಹೀಗಿದ್ದರೂ ಚೀಟಿಯ ಉಪಾಯವನ್ನು ಒಪ್ಪದ ಮನಸ್ಸು ಉಂಟು. ಅದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ಇದಕ್ಕೆ ಮುಂಚೆ ಮತ್ತೊಂದು ಪರೀಕ್ಷೆ ನಡೆದಿತ್ತು. ಹೆರಿಗೆಯಾದ ಮೇಲೆ ರಕ್ತ ಹರಿದು ತಾಯಿ ಸಾಯುವುದನ್ನು ತಡೆಯುವುದಕ್ಕೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ನೆರವಾಗುವುದೇ ಎಂಬುದು ಪ್ರಶ್ನೆ. ಈ ಕೆಲಸಕ್ಕೆ ಹೆಸರಾದ ಆಕ್ಸಿಟೋಸಿನ್ ತಂಪಿನಲ್ಲಿಡಬೇಕಾದ ಸೂಜಿಮದ್ದು. ಹಳ್ಳಿಯ ಮನೆಯ ಹೆರಿಗೆಗೆ ಅದು ಒದಗುವುದು ಕಷ್ಟ. 1,620 ಹೆಂಗಸರಲ್ಲಿ ಅರ್ಧ ಜನರಿಗೆ ಗುಳಿಗೆಯನ್ನು ಕೊಟ್ಟರು. ಅರ್ಧ ಜನರಿಗೆ ನೋಡುವುದಕ್ಕೆ ಹಾಗೆಯೇ ಇರುವ, ಮದ್ದಿಲ್ಲದ ಗುಳಿಗೆಯನ್ನು ಕೊಟ್ಟರು. 2006ರಲ್ಲಿ ಪ್ರಕಟವಾದ ಫಲದಂತೆ ರಕ್ತಸ್ರಾವವು ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ಬರಿಯ ಗುಳಿಗೆಯನ್ನು ನುಂಗಿದ ಆ ಎಂಟುನೂರಕ್ಕೂ ಮೇಲ್ಪಟ್ಟ ಹೆಂಗಸರ ವಿಷಯದಲ್ಲಿ ಆಗಲೇ ಆಕ್ಷೇಪಗಳೆದ್ದುವು. ಬಡವರಾದುದರಿಂದಲೇ ಅವರು ಪರೀಕ್ಷೆಗೆ ಸಿಕ್ಕಿದರಲ್ಲವೆ? ಪಟ್ಟಣದ ಒಳ್ಳೆಯ ಆಸ್ಪತ್ರೆಯಲ್ಲಿ ಹೆರುವ ಹೆಂಗಸಿಗೆ ಯಾರಾದರೂ ಬರಿಯ ಗುಳಿಗೆಯನ್ನು ಕೊಟ್ಟಾರೆ? ಒಪ್ಪಿಗೆಯ ಕಾಗದವಿದ್ದರೇನಾಯಿತು, ಬೇರೆ ಗತಿಯಿಲ್ಲದವರ ಒಪ್ಪಿಗೆಗೆ ಎಷ್ಟು ಬೆಲೆ?

ಈ ಆಕ್ಷೇಪಕ್ಕೆ ಪೂರ್ತಿಯಾದ ಉತ್ತರವಿಲ್ಲ. ಅರ್ಧ ಉತ್ತರವಿದೆ. ಆ ಹೆಂಗಸರಿಗೆ ಪರೀಕ್ಷೆಗೆ ಮುಂಚೆ ಗುಳಿಗೆಯೂ ಇರಲಿಲ್ಲ, ಗುಳಿಗೆಯನ್ನು ಕೊಡಬೇಕೆಂಬ ವಿಧಿಯೂ ಇರಲಿಲ್ಲ. ಚೀಟಿಯು ಅವರಿಂದ ಏನನ್ನೂ ಕಸಿದುಕೊಳ್ಳಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕಾರ್ಯಕ್ಕಾಗಿ ಆ ಗುಳಿಗೆಯನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಪರೀಕ್ಷೆಯ ಭಾರವನ್ನು ಹೊತ್ತವರಂಥ ಹೆಂಗಸರಿಗೇ ಅದರ ಫಲ ಸಲ್ಲುವ ದಾರಿ ತೆರೆಯಿತು. ಇದು ಎಲ್ಲ ಪರೀಕ್ಷೆಗಳಿಗೂ ಹೇಳಬಹುದಾದ ಮಾತಲ್ಲ. ಬಡವರ ಮೈಯಲ್ಲಿ ಪರೀಕ್ಷಿಸಿ ಧನಿಕರಿಗೆ ಮಾರುವ ಮದ್ದಿನ ಪರೀಕ್ಷೆಗೆ ಯಾವ ತರ್ಕದ ಬಲವೂ ಇಲ್ಲ. ಅಂಥ ಕಡೆ ಒಪ್ಪಿಗೆಯ ಕಾಗದವು ಅಪರಾಧದ ರಸೀತಿ ಮಾತ್ರ.

ಇನ್ನೂ ಕಠಿನವಾದ ಪ್ರಸಂಗವೊಂದು ಉಳಿದಿದೆ. ಆರು ದೇಶಗಳ ಫಲದಿಂದ ವೈದ್ಯಲೋಕವು ತಬ್ಬಿಬ್ಬಾಯಿತು: ಬಡ ದೇಶಗಳಲ್ಲಿ ಸ್ಟೆರಾಯ್ಡು ಕೊಡಬೇಕೋ ಬೇಡವೋ? ವಿಶ್ವ ಆರೋಗ್ಯ ಸಂಸ್ಥೆಯು ಬಾಂಗ್ಲಾದೇಶ, ಭಾರತ, ಕೀನ್ಯ, ನೈಜೀರಿಯ, ಪಾಕಿಸ್ತಾನಗಳ 29 ಆಸ್ಪತ್ರೆಗಳಲ್ಲಿ ಹೊಸ ಪರೀಕ್ಷೆಯನ್ನು ನಡೆಸಿತು. ಈ ಸಲ ಬಸುರಿನ ವಾರಗಳನ್ನು ಟೇಪಿನಿಂದಲ್ಲ, ಅಲ್ಟ್ರಾಸೌಂಡ್ ಯಂತ್ರದಿಂದ ನಿಶ್ಚಯಿಸಿದರು. ಕೂಸನ್ನು ಆರೈಕೆ ಮಾಡಬಲ್ಲ ಆಸ್ಪತ್ರೆಗಳನ್ನೇ ಆರಿಸಿದರು. 26ರಿಂದ 34 ವಾರಗಳೊಳಗೆ ಹೆರುವ ಸಂಭವವಿದ್ದ 2,852 ತಾಯಂದಿರಲ್ಲಿ ಅರ್ಧ ಜನರಿಗೆ ಡೆಕ್ಸಾಮೆಥಸೋನ್, ಉಳಿದವರಿಗೆ ಮದ್ದಿಲ್ಲದ ಸೂಜಿ. 2020ರಲ್ಲಿ ಫಲ ಪ್ರಕಟವಾಯಿತು. ಮದ್ದಿನ ಪಂಗಡದಲ್ಲಿ 1,417 ಶಿಶುಗಳಲ್ಲಿ 278 ತೀರಿಕೊಂಡಿದ್ದುವು. ಇನ್ನೊಂದು ಪಂಗಡದಲ್ಲಿ 1,406ರಲ್ಲಿ 331. ಲಾಭವು ಸ್ಪಷ್ಟವಾದೊಡನೆ, ಪರೀಕ್ಷೆಯನ್ನು ಹೊರಗಿನಿಂದ ಕಾಯುತ್ತಿದ್ದ ಸಮಿತಿಯ ಮಾತಿನಂತೆ ಅದನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಮುನ್ನೂರ ಮೂವತ್ತೊಂದಕ್ಕೂ ಇನ್ನೂರ ಎಪ್ಪತ್ತೆಂಟಕ್ಕೂ ನಡುವೆ ಐವತ್ತಮೂರು ಕೂಸುಗಳಿವೆ. ಅವುಗಳ ಸಾವಿಗೆ ಯಾರು ಹೊಣೆ? ಮದ್ದು ಒಳ್ಳೆಯದೆಂದು 1972ರಿಂದ ಗೊತ್ತಿತ್ತಲ್ಲ ಎಂದು ಕೇಳುವ ತಾಯಿಗೆ ಏನು ಹೇಳಬೇಕು? ಹೇಳಬಹುದಾದುದು ಇಷ್ಟೆ: ಹಿಂದಿನ ಪರೀಕ್ಷೆಯಲ್ಲಿ ಮದ್ದು ಹೋಗದ ಊರಿನ ತಾಯಂದಿರೇ ಅದೃಷ್ಟವಂತರಾಗಿದ್ದರು, ಇದರಲ್ಲಿ ಮದ್ದು ಪಡೆದವರು ಅದೃಷ್ಟವಂತರಾದರು. ಚೀಟಿ ಎತ್ತುವ ಗಳಿಗೆಯಲ್ಲಿ ಅದೃಷ್ಟವು ಯಾವ ಕಡೆಗಿದೆಯೆಂದು ಎತ್ತುವವನಿಗೆ ತಿಳಿದಿದ್ದರೆ ಚೀಟಿ ಎತ್ತುವುದು ಪಾಪ. ನಿಜವಾಗಿಯೂ ತಿಳಿಯದಿದ್ದರೆ, ಚೀಟಿಯನ್ನು ಬಿಟ್ಟು ತನ್ನ ಮನಸ್ಸಿಗೆ ತೋರಿದುದನ್ನು ಎಲ್ಲರಿಗೂ ಕೊಡುತ್ತ ಹೋಗುವುದು ಅದಕ್ಕಿಂತ ದೊಡ್ಡ ಪರೀಕ್ಷೆ, ಲೆಕ್ಕವಿಡದ ಪರೀಕ್ಷೆ. ಅದರಲ್ಲಿ ತೀರಿಕೊಂಡ ಕೂಸುಗಳನ್ನು ಯಾರೂ ಎಣಿಸುವುದಿಲ್ಲ. ಅವುಗಳ ಸಾವಿನಿಂದ ಮುಂದಿನ ಕೂಸಿಗೆ ಯಾವ ಉಪಕಾರವೂ ಆಗುವುದಿಲ್ಲ. ಈ ಮಾತು ಆ ತಾಯಿಯ ದುಃಖವನ್ನು ಕಳೆಯಲಾರದು. ಐವತ್ತಮೂರನ್ನು ಎಣಿಸಿಟ್ಟವರನ್ನೇ ಕ್ರೂರಿಗಳೆಂದು ಕರೆಯುವುದಾದರೆ, ಇಪ್ಪತ್ತೆರಡು ವರ್ಷ ಎಣಿಸದೆ ಕುಳಿತವರಿಗೆ ಯಾವ ಹೆಸರಿಡಬೇಕೆಂಬುದನ್ನು ಮಾತ್ರ ವಾಚಕರು ಯೋಚಿಸಬಹುದು.

ವೈದ್ಯರಿಗೆ ಈಗ ಮಾರ್ಗಸೂಚಿಗಳು ಹೇರಳವಾಗಿ ಬರುತ್ತವೆ. ಅವುಗಳನ್ನು ವೇದವಾಕ್ಯವೆಂದು ನಂಬುವವರೂ, ಅಡಿಗೆಯ ಪುಸ್ತಕವೆಂದು ಹಾಸ್ಯಮಾಡುವವರೂ ಇದ್ದಾರೆ. ಎರಡು ಪಕ್ಷದವರೂ ಮಾರ್ಗಸೂಚಿಯ ಮೊದಲ ಸಾಲನ್ನು ಓದಿ ಮಿಕ್ಕುದನ್ನು ಬಿಟ್ಟವರಿರಬೇಕು. ಅನುಭವಶಾಲಿಯಾದ ವೈದ್ಯನು ತನ್ನ ರೋಗಿಯು ಗ್ರಂಥದ ರೋಗಿಯಂತಿಲ್ಲವೆಂದು ಹೇಳುವುದು ಹಲವು ಸಲ ಸರಿ. ಆದರೆ ಯಾವ ವಿಷಯದಲ್ಲಿ ಹಾಗಿಲ್ಲವೆಂದು ತೋರಿಸುವ ಹೊಣೆ ಅವನದು. ಆ ಭೇದಗಳನ್ನು ಮಾರ್ಗಸೂಚಿಯೇ ಬರೆದಿಟ್ಟಿರುತ್ತದೆ, ನಿಬಂಧನೆಗಳ ರೂಪದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ವಿಧಿಸಿ 2022ರಲ್ಲಿ ಮತ್ತೆ ದೃಢಪಡಿಸಿದ ಮಾತಿನಲ್ಲಿ "ಸ್ಟೆರಾಯ್ಡನ್ನು ಕೊಡಿರಿ" ಎಂಬುದು ಒಂದು ವಾಕ್ಯ. ಬಸುರಿನ ವಾರಗಳು ಸರಿಯಾಗಿ ಗೊತ್ತಿವೆಯೇ, ತಾಯಿಯಲ್ಲಿ ನಂಜಿನ ಚಿಹ್ನೆ ಇಲ್ಲವೇ, ಹೆರಿಗೆಗೆ ತಕ್ಕ ಆರೈಕೆ ಅಲ್ಲಿದೆಯೇ, ಹುಟ್ಟಿದ ಕೂಸನ್ನು ಉಳಿಸಿಕೊಳ್ಳುವ ಸಾಧನವಿದೆಯೇ ಎಂಬ ವಿಚಾರಣೆ ಅದರ ಹಿಂದೆಯೇ ಬರುತ್ತದೆ. ಮೊದಲ ಪ್ರಶ್ನೆಗೆ ನಂಬತಕ್ಕ ಉತ್ತರ ಸಿಕ್ಕುವುದು ಬಸುರಿನ ಮೊದಲ ತಿಂಗಳುಗಳಲ್ಲಿ, ತಾಯಿಯನ್ನು ಯಂತ್ರದ ಬಳಿಗೆ ಯಾರಾದರೂ ಕರೆದೊಯ್ದಿದ್ದರೆ. ನೋವು ಕಾಣಿಸಿಕೊಂಡ ರಾತ್ರಿಯಲ್ಲಿ, ಸೂಜಿಯನ್ನು ಕೈಯಲ್ಲಿ ಹಿಡಿದು ನಿಂತಾಗಲಲ್ಲ.