ಇಪ್ಪತ್ತು ಮಿಲಿಮೀಟರಿನ ಗೆರೆ

ಮಂಡಿಚಿಪ್ಪು ಪದೇ ಪದೇ ಜಾರುವವರಲ್ಲಿ ವೈದ್ಯರು ಒಂದು ಅಂತರ ಅಳೆಯುತ್ತಾರೆ: ಚಿಪ್ಪು ಓಡಾಡುವ ತೊಡೆಮೂಳೆಯ ತೋಡಿನಿಂದ ಮೊಣಕಾಲಿನ ಕೆಳಗಿನ ಮೂಳೆಯ ಉಬ್ಬಿನವರೆಗೆ, ಅಡ್ಡಡ್ಡಲಾಗಿ. ಫ್ರಾನ್ಸಿನ ಲಿಯೋನ್‌ನಲ್ಲಿ ಆನ್ರಿ ದೆಜೂರ್ ಮತ್ತು ಸಂಗಡಿಗರು 1994ರಲ್ಲಿ, ಸಿ.ಟಿ. ಚಿತ್ರಗಳ ಆಧಾರದ ಮೇಲೆ, 20 ಮಿಲಿಮೀಟರಿಗೆ ಗೆರೆ ಎಳೆದರು: ಅದಕ್ಕಿಂತ ಹೆಚ್ಚಿದ್ದರೆ ಅಸಹಜ.

ಹಾಗಾದರೆ 19 ಇದ್ದವರು ನಿರೋಗಿಗಳೇ?

ಅದೇ ಕಾಲನ್ನು ಎಂ.ಆರ್.ಐ.ಯಲ್ಲಿ ಅಳೆದರೆ ಅಂತರ ಸಾಮಾನ್ಯವಾಗಿ ಕೆಲವು ಮಿಲಿಮೀಟರ್ ಕಡಿಮೆ ಬರುತ್ತದೆ. ಮೊಣಕಾಲು ಮಡಚಿದರೂ ಇಳಿಯುತ್ತದೆ. ಜೈನರ ಅನೇಕಾಂತವಾದಿಗೆ ಇದು ಅಚ್ಚರಿಯಲ್ಲ: ಪ್ರತಿ ಹೇಳಿಕೆಗೂ ‘ಒಂದು ನಿಟ್ಟಿನಿಂದ’ ಎಂಬ ಷರತ್ತು ಅಂಟಿಕೊಂಡೇ ಇರುತ್ತದೆ. ಅಷ್ಟಕ್ಕೇ ಅಳತೆಯೆಲ್ಲ ಸುಳ್ಳೆಂದು ಕೈತೊಳೆದುಕೊಳ್ಳುವುದು ಮಾತ್ರ ಸೋಮಾರಿತನ. ತೋಡು ಚಪ್ಪಟೆಯಾಗಿದ್ದರೆ, ಚಿಪ್ಪು ತೀರಾ ಮೇಲೆ ಕೂತಿದ್ದರೆ ಜಾರುವ ಸಂಭವ ನಿಜಕ್ಕೂ ಹೆಚ್ಚು. ಅದಕ್ಕೇ ಶಸ್ತ್ರವೈದ್ಯರು ಈ ಅಂಕಿಗಳನ್ನೆಲ್ಲ ಒಟ್ಟಿಗಿಟ್ಟು ನೋಡುತ್ತಾರೆ. ಜೊತೆಗೆ ಚಿಪ್ಪನ್ನು ಹೆಬ್ಬೆರಳಿನಿಂದ ಹೊರಕ್ಕೆ ಒತ್ತಿ, ರೋಗಿ ಹೆದರಿ ತೊಡೆ ಬಿಗಿಹಿಡಿಯುತ್ತಾರೋ ಎಂದು ಗಮನಿಸುತ್ತಾರೆ.