ಬಿಗಿ ಬೇರೆ, ವಾರೆ ಬೇರೆ

ಸೊಲ್ಲಾಪುರದಾಗ ಮೂವತ್ತೊಂದು ವರ್ಷ ಲೇಥ್ ಮಶೀನಿನ ಮುಂದೆ ನಿಂತು, ಈಗ ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಗೆ ಬಂದು ಕೂತಿದ್ದೇನೆ. ಕೈ ಸುಮ್ಮನಿರುವುದಿಲ್ಲ ನೋಡ್ರಿ. ಹೋದ ವರ್ಷ ಒಂದು ಸಣ್ಣ ಉಗಿ ಎಂಜಿನ್ ಮಾಡಿದೆ. ಸಣ್ಣವನಿದ್ದಾಗ ಅಪ್ಪನ ಜೋಡಿ ಪಂಢರಪುರಕ್ಕೆ ಹೋಗುವಾಗ ಕುರ್ಡುವಾಡಿಯಲ್ಲಿ ದೊಡ್ಡ ರೈಲು ಇಳಿದು ಸಣ್ಣ ರೈಲು ಹತ್ತುತ್ತಿದ್ದೆವು. 1897ರಲ್ಲಿ ಶುರುವಾದ ಬಾರ್ಶಿ ಲೈಟ್ ರೈಲ್ವೆ ಅದು. ಹಳಿಯ ಅಗಲ ಎರಡೂವರೆ ಅಡಿ. ಆ ಎಂಜಿನ್ನು ನಿಂತಲ್ಲೇ ಉಸಿರಾಡುತ್ತಿತ್ತು. ಅದು ಮನಸ್ಸಿನಿಂದ ಹೋಗಲೇ ಇಲ್ಲ.

ನನ್ನ ಎಂಜಿನ್ನಿನ ಸಿಲಿಂಡರ್ ಒಳಗೆ 20 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 25 ಮಿಲಿಮೀಟರ್. ಎಲ್ಲಾ ಜೋಡಿಸಿ ಕೈಯಿಂದ ಚಕ್ರ ತಿರುಗಿಸಿದರೆ ಬಿಗಿ. ಹೊಸದು ಹಾಗೇ ಇರ್ತದ. ಎಷ್ಟು ನುಣುಪಾಗಿ ಕೊರೆದರೂ ಲೋಹದ ಮೈಮೇಲೆ ಕಣ್ಣಿಗೆ ಕಾಣದ ದಿಬ್ಬ, ತಗ್ಗು ಉಳಿದಿರುತ್ತವೆ. ಅವು ಒಂದಕ್ಕೊಂದು ತಿಕ್ಕಿ ಸವೆಯಬೇಕು. ಅದಕ್ಕೇ ಉಗಿ ಕೊಡುವ ಮೊದಲು ಎಣ್ಣೆ ಹಾಕಿ, ಸಣ್ಣ ಮೋಟರಿಗೆ ಬೆಲ್ಟ್ ಕಟ್ಟಿ ನಿಧಾನಕ್ಕೆ ತಿರುಗಿಸುತ್ತೇವೆ. ಎಣ್ಣೆ ಕಪ್ಪಾಗುತ್ತದೆ, ಒರೆಸಿ ಹೊಸ ಎಣ್ಣೆ ಹಾಕಬೇಕು. ಎಣ್ಣೆ ಕಪ್ಪಾಗುವುದು ನಿಂತರೆ ಎರಡೂ ಮೈ ಹೊಂದಿಕೊಂಡವು ಅಂತ ಲೆಕ್ಕ.

ಎರಡು ದಿನ ತಿರುಗಿಸಿದೆ. ಎಣ್ಣೆ ಕಪ್ಪಾಗುತ್ತಲೇ ಇತ್ತು. ಬೆಲ್ಟ್ ಬಿಚ್ಚಿ ಕೈಯಿಂದ ನೋಡಿದರೆ ಚಕ್ರ ಮುಕ್ಕಾಲು ಸುತ್ತು ಹಗುರ, ಪಿಸ್ಟನ್ ಒಂದು ತುದಿಗೆ ಬಂದಾಗ ಮಾತ್ರ ಹಿಡಿಯುತ್ತಿತ್ತು. ಪ್ರತಿ ಸುತ್ತಿಗೂ ಅದೇ ಜಾಗ. ನನಗೆ ಕೆಲಸ ಕಲಿಸಿದ ಮಿಸ್ತ್ರಿ ಹೇಳುತ್ತಿದ್ದರು: “ಎಲ್ಲಾ ಕಡೆ ಒಂದೇ ಸಮ ಬಿಗಿ ಇದ್ರ ತಿರುಗಸು. ಒಂದೇ ಜಾಗದಾಗ ಹಿಡದ್ರ ಬಿಚ್ಚು.” ಗೊತ್ತಿದ್ದೂ ಎರಡು ದಿನ ಕಳೆದಿದ್ದೆ. ಆರು ತಿಂಗಳ ಕೆಲಸ ಬಿಚ್ಚಬೇಕಲ್ಲಾ ಅಂತ ಸಂಕಟ. ಬಿಚ್ಚಿ ನೋಡಿದೆ. ಪಿಸ್ಟನ್ ರಾಡು ಜಾರುವ ದಾರಿ ಸಿಲಿಂಡರಿಗೆ ಕೂದಲೆಳೆಯಷ್ಟು ವಾರೆ ಕೂತಿತ್ತು. ರಾಡು ಒಂದೇ ಮಗ್ಗಲಿಗೆ ಸವೆದಿತ್ತು, ಅದು ಹಾಯುವ ತೂತು ಉದ್ದುದ್ದ ಆಗಿತ್ತು. ತಿರುಗಿಸಿದಷ್ಟೂ ಕೆಟ್ಟಿತ್ತು.

ಅವತ್ತು ರಾತ್ರಿ ತಂಗಿಯ ಮದುವೆಯ ಮೊದಲ ವರ್ಷ ನೆನಪಾಗಿ ನಿದ್ದೆ ಬರಲಿಲ್ಲ. ಮದುವೆಯಾಗಿ ಮೂರು ತಿಂಗಳಿಗೆ ಆಕೆ ಒಬ್ಬಳೇ ಬಂದು ಅಂಗಳದಾಗ ನಿಂತಿದ್ದಳು. “ಅಣ್ಣಾ, ನನಗ ಅಲ್ಲಿ ಇರಾಕ ಆಗಂಗಿಲ್ಲ” ಅಂದಳು. ನಾನು, “ಹೊಸದು ಅದವ್ವಾ, ಹೊಂದಿಕೊಂಡು ಹೋಗು. ವರ್ಷ ತುಂಬೂದ್ರಾಗ ಎಲ್ಲಾ ಸರಿ ಆಗ್ತದ” ಅಂದೆ. ಮರುದಿನ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದೆ. ಒಂಬತ್ತು ವರ್ಷದ ಮೇಲೆ ಮಗನ ಕೈ ಹಿಡಿದು ತಿರುಗಿ ಬಂದಾಗ ಆಕೆಗೆ ಎಡಗಿವಿ ಕೇಳುತ್ತಿರಲಿಲ್ಲ.

ಹೊಂದಿಕೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಾನೂ ನನ್ನ ಹೆಂಡತಿಯೂ ಮೊದಲ ವರ್ಷ ಉಪ್ಪಿಗೂ ಜಗಳ, ಸಂಬಳಕ್ಕೂ ಜಗಳ. ಇಬ್ಬರೂ ಒಂದಿಷ್ಟು ಸವೆದೆವು, ಆಮೇಲೆ ಸವೆಯುವುದು ನಿಂತಿತು. ಬಿಗಿ ಅನಿಸಿದಾಗೊಮ್ಮೆ ಬಿಚ್ಚುವವನು ಎಂಜಿನ್ನನ್ನೂ ಕಟ್ಟಲಾರ, ಮನೆಯನ್ನೂ ಕಟ್ಟಲಾರ. ಆದರೆ ವಾರೆಯಾದದ್ದರ ಲಕ್ಷಣವೇ ಬೇರೆ. ಅಲ್ಲಿ ಸವೆಯುವುದು ಒಂದೇ ಮಗ್ಗಲು, ಆ ಸವೆತಕ್ಕೆ ಕೊನೆಯೂ ಇಲ್ಲ. ಕಾಲ ಬಿಗಿಯನ್ನು ಸಡಿಲ ಮಾಡೀತು, ವಾರೆಯನ್ನು ನೆಟ್ಟಗೆ ಮಾಡಲಾರದು.

ಹೊರಗೆ ನಿಂತವನಿಗೆ ಇದು ಹೇಗೆ ಗೊತ್ತಾಗಬೇಕು ಅಂತ ನೀವು ಕೇಳಬಹುದು. ನಾನೂ ಬಹಳ ವರ್ಷ ಹಾಗೇ ಸಮಾಧಾನ ಮಾಡಿಕೊಂಡೆ. ಲೋಹಕ್ಕೆ ಬಾಯಿಲ್ಲ, ಅದರ ನೋವನ್ನು ಕಪ್ಪು ಎಣ್ಣೆಯಲ್ಲಿ ನೋಡಬೇಕು. ನನ್ನ ತಂಗಿಗೆ ಬಾಯಿತ್ತು, ಹೇಳಲಿಕ್ಕೇ ಬಂದಿದ್ದಳು. ಏನಾತವ್ವಾ ಅಂತ ನಾನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬಿಚ್ಚುವ ಕೆಲಸ ನನ್ನ ತಲೆಗೆ ಬರುತ್ತಿತ್ತು: ಬೀಗರ ಜೋಡಿ ಮಾತು, ಮದುವೆಯ ಸಾಲ, ಊರವರ ಬಾಯಿ. ಹೊಂದಿಕೋ ಅಂದದ್ದು ಆಕೆಯ ಸಂಸಾರ ಉಳಿಸಲಿಕ್ಕೆ ಅಂದುಕೊಂಡಿದ್ದೆ. ನನ್ನ ಕಷ್ಟ ಉಳಿಸಿಕೊಳ್ಳಲಿಕ್ಕೆ ಅಂದಿದ್ದೆ.

ಹೊಸ ರಾಡು ಮಾಡಿ, ತೂತಿಗೆ ಬುಶ್ ಕೂಡಿಸಿ, ದಾರಿ ನೆಟ್ಟಗೆ ಮಾಡಿ ಮತ್ತೆ ತಿರುಗಿಸಿದೆ. ಮೂರನೆಯ ದಿನ ಎಣ್ಣೆ ತಿಳಿಯಾಗಿ ಉಳಿಯಿತು. ಬಾಯ್ಲರಿಗೆ ತಣ್ಣೀರು ತುಂಬಿ, ನಡೆಸುವ ಒತ್ತಡದ ಎರಡು ಪಟ್ಟು ಕೊಟ್ಟು ಮೊದಲೇ ಪರೀಕ್ಷೆ ಮಾಡಿದ್ದೆ. ಉಗಿ ಬಿಟ್ಟಾಗ ಎಂಜಿನ್ನು ಮೊದಲು ನೀರು ಉಗುಳಿ ಕೆಮ್ಮಿತು, ಆಮೇಲೆ ಓಡಿತು. ತಂಗಿ ಪಕ್ಕದ ಓಣಿಯಿಂದ ನೋಡಲಿಕ್ಕೆ ಬಂದಿದ್ದಳು. ಬಿಚ್ಚಿ ಜೋಡಿಸಿದ ಕತೆಯನ್ನೆಲ್ಲ ಆಕೆಯ ಬಲಗಿವಿಯ ಕಡೆ ಕೂತು ಹೇಳಿದೆ. ಚಕ್ರ ತಿರುಗುವುದನ್ನೇ ನೋಡುತ್ತ, “ಇದಕ್ಕ ಎರಡ ದಿನದಾಗ ತಿಳೀತಲ್ಲ ಅಣ್ಣಾ ನಿನಗ” ಅಂದಳು.

ಅದಕ್ಕೇ ಇದನ್ನು ಬರೆದೆ. ನಿಮ್ಮ ಅಂಗಳದಾಗ ತಂಗಿಯೋ ಮಗಳೋ ಬಂದು ನಿಂತರೆ, ಹೊಂದಿಕೋ ಅನ್ನುವ ಮೊದಲು ಎಲ್ಲಿ ಹಿಡಿಯುತ್ತದೆ ಅಂತ ಕೇಳಿರಿ. ಕೇಳಿ, ಆಕೆ ಹೇಳುವುದು ಮುಗಿಯುವ ತನಕ ಕೂತಿರಿ.